ಕೀಳಲೆಂದೇ ನೆಟ್ಟ ಪೈರು

ವೀಣಾಳ ಮುಂಗೈ ಮೇಲೆ ಏಳು ಹಲ್ಲಿನ ಗುರುತುಗಳಿದ್ದವು. ಕೆಳಗೆ ನಾಲ್ಕು, ಮೇಲೆ ಮೂರು. ಕಚ್ಚಿದ ಹುಡುಗಿ ಕಾವ್ಯಳ ಮೇಲಿನ ಹಲ್ಲೊಂದು ಬಿದ್ದು ಹೊಸದು ಇನ್ನೂ ಹುಟ್ಟಿರಲಿಲ್ಲ. ಕುಶಾಲನಗರದ ಆಸ್ಪತ್ರೆಯಲ್ಲಿ ಸೂಜಿ ಹಾಕುವ ನರ್ಸು, "ನಾಯಿ ಸಾಕಿದ್ದಾ, ಬೀದೀದಾ?" ಎಂದು ಕೇಳಿದಳಂತೆ. "ಸಾಕಿದ್ದೇ ಕಣಮ್ಮ, ಮಾನಸನ ಮಗಳು" ಎಂದಳಂತೆ ವೀಣಾ. ಈ ಮಾತು ವೀಣಾ ಬಸ್ಸಿಳಿಯುವ ಮೊದಲೇ ಊರು ಸೇರಿತು. ಊರಿನವರು ಎರಡು ದಿನ ಅದನ್ನೇ ಹೇಳಿಕೊಂಡು ನಕ್ಕರು. ಕಿವಿಗೆ ಬಿದ್ದಾಗ ಮಾನಸಳಿಗೂ ಒಂದು ಗಳಿಗೆ ನಗು ಬಂತು. ಆಮೇಲೆ ಬರಲಿಲ್ಲ.

ಕಚ್ಚಿದ್ದು ತಪ್ಪು ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಎಂಟು ವರ್ಷದ ಕಾವ್ಯಶ್ರೀ ಕಚ್ಚುತ್ತಾಳೆ, ಪರಚುತ್ತಾಳೆ, ಬೇಡವೆಂದರೆ ನೆಲಕ್ಕೆ ಬಿದ್ದು ಕಿರುಚುತ್ತಾಳೆ. ಆಡುವ ಮಾತು ಹತ್ತೋ ಹನ್ನೆರಡೋ. ಶಾಲೆಯ ಮಂಜುನಾಥ ಮೇಷ್ಟ್ರು ಒಳ್ಳೆಯವರೇ, ಆದರೂ ಮಧ್ಯಾಹ್ನದ ಊಟದ ಹೊತ್ತಿಗೆ ಫೋನ್ ಮಾಡಿ, "ಸಾಕಮ್ಮ ಇವತ್ತಿಗೆ, ಕರ್ಕೊಂಡ್ ಹೋಗಿ" ಎನ್ನುತ್ತಿದ್ದರು. ಮಡಿಕೇರಿಯ ಡಾಕ್ಟರು ಇದಕ್ಕೊಂದು ಹೆಸರು ಕೊಟ್ಟು, ಚೀಟಿಯಲ್ಲಿ ಬರೆದು, ತಿಂಗಳಿಗೊಮ್ಮೆ ಬನ್ನಿ ಎಂದಿದ್ದರು. ಬಸ್ಸು ಸುಂಟಿಕೊಪ್ಪ ತಲುಪುವಷ್ಟರಲ್ಲಿ ಹುಡುಗಿ ಎರಡು ಸಲ ವಾಂತಿ ಮಾಡಿಕೊಂಡು ಕಂಡಕ್ಟರನ ಬ್ಯಾಗು ಕಿತ್ತಿರುತ್ತಿದ್ದಳು. ಅಷ್ಟು ಸಲ ಹೋಗಿಬಂದದ್ದರಲ್ಲಿ ಮಾನಸಳಿಗೆ ನೆನಪುಳಿದದ್ದು ಡಾಕ್ಟರು ಹೇಳಿದ ಒಂದೇ ಮಾತು: "ಬರೀ ಬೇಡ ಅನ್ಬೇಡಿ. ಅದರ ಬದಲು ಏನು ಮಾಡಬಹುದು ಅಂತ ತೋರಿಸಿ." ಅವರು ಫ್ಯಾನಿನ ಕೆಳಗೆ ಕೂತು ಹೇಳಿದಾಗ ಅದು ಸುಲಭದ ಕೆಲಸದಂತೆ ಕೇಳಿಸಿತ್ತು.

ಕಚ್ಚಿದ ದಿನ ನಡೆದದ್ದು ಇಷ್ಟು. ಹಾರಂಗಿ ನಾಲೆಯ ಕೆಳಗಿನ ಈ ಊರಿನಲ್ಲಿ ಒಂಬತ್ತು ಮನೆಗಳು ನಾಟಿಯನ್ನು ಮುಯ್ಯಾಳಿನಲ್ಲಿ ಮುಗಿಸುತ್ತವೆ. ಇವರ ಅಜ್ಜಂದಿರು ಹಾಸನದ ಕಡೆಯಿಂದ ಗಂಟು ಕಟ್ಟಿಕೊಂಡು ಬಂದಾಗ ಜೊತೆಗೆ ತಂದ ಪದ್ಧತಿ ಅದು. ಇವತ್ತು ನಿನ್ನ ಗದ್ದೆಗೆ ನಾವೆಲ್ಲ, ನಾಳೆ ನನ್ನ ಗದ್ದೆಗೆ ನೀವೆಲ್ಲ. ಆಳು ಸಿಗದ ಈ ಕಾಲದಲ್ಲಿ ಅದೇ ಗತಿ. ಕೂಲಿಯವರೆಲ್ಲ ಎಸ್ಟೇಟಿನ ಜೀಪು ಹತ್ತಿ ಹೋಗಿಬಿಡುತ್ತಾರೆ. ವೀಣಾಳ ಗದ್ದೆಯ ಸರದಿಯಂದು ಹೆಂಗಸರು ಅರ್ಧ ಗದ್ದೆ ನೆಟ್ಟು ಹೊಂಗೆ ಮರದ ಕೆಳಗೆ ಊಟಕ್ಕೆ ಕೂತರು. ಎದ್ದು ಬಂದು ನೋಡಿದರೆ ಎರಡು ಪಟ್ಟಿ ಪೈರು ಇಲ್ಲ. ಕಾವ್ಯ ಒಂದೊಂದನ್ನೇ ಕಿತ್ತು, ಬೇರು ಒಂದು ಕಡೆ, ತುದಿ ಒಂದು ಕಡೆ ಬರುವಂತೆ ಬದುವಿನ ಮೇಲೆ ಸಾಲಾಗಿ ಜೋಡಿಸಿದ್ದಳು. ವೀಣಾ ಓಡಿಹೋಗಿ ಕೆನ್ನೆಗೆ ಬಾರಿಸಿದಳು. ಕಾವ್ಯ ಆ ಕೈಯನ್ನೇ ಹಲ್ಲಿನಲ್ಲಿ ಹಿಡಿದಳು.

ಮಾನಸಳ ಗದ್ದೆಯ ಸರದಿ ಎಂಟನೆಯದು. ಅದರ ಹಿಂದಿನ ಸಂಜೆ ಅವಳು, ಗಂಡ ನಂದೀಶ, ಅತ್ತೆ ಲಿಂಗಮ್ಮ ಮೂವರೂ ಸೇರಿ ಸಸಿಮಡಿಯ ಪೈರನ್ನೆಲ್ಲ ಕಿತ್ತು ಕಟ್ಟು ಕಟ್ಟಿ ನೀರಿನಲ್ಲಿಟ್ಟಿದ್ದರು. ಕಿತ್ತ ಪೈರು ಎರಡು ಮೂರು ದಿನಕ್ಕಿಂತ ಹೆಚ್ಚು ಕಾಯುವುದಿಲ್ಲ. ಗದ್ದೆ ಒಂದೂವರೆ ಎಕರೆ. ವರ್ಷದ ಅಕ್ಕಿ ಅದರಲ್ಲೇ ಬರಬೇಕು.

ಬೆಳಿಗ್ಗೆ ಏಳಕ್ಕೆ ಹೆಂಗಸರು ಬಂದರು. ಮುಂದೆ ಕೈಗೆ ಬಿಳಿ ಪಟ್ಟಿ ಸುತ್ತಿಕೊಂಡ ವೀಣಾ, ಎಲ್ಲರ ಹಿಂದೆ ಕೆಂಪಣ್ಣ. ಮುಯ್ಯಾಳಿನ ಸರದಿ ಗೊತ್ತುಮಾಡುವ ಹಿರಿಯ ಅವನು. ಒಂಬತ್ತನೆಯ, ಕೊನೆಯ ಗದ್ದೆ ಅವನದೇ. ಕಾವ್ಯ ಬದುವಿನ ಮೇಲೆ ಕೂತು ಕೆಸರನ್ನು ಉಂಡೆ ಮಾಡುತ್ತಿದ್ದಳು. ಅವಳನ್ನು ಕಂಡದ್ದೇ ಹೆಂಗಸರು ನಿಂತರು.

"ಏನ್ ಲಿಂಗಮ್ಮತ್ತೆ, ಹಿಂಗಾ ಮಾತು?" ಎಂದಳು ವೀಣಾ. "ಹುಡುಗೀನ ಕಟ್ಟಾಕಿರ್ತೀವಿ ಬನ್ರವ್ವ ಅಂತ ರಾತ್ರಿ ನಮ್ಮನೆ ಬಾಗ್ಲಲ್ಲಿ ಹೇಳಿದ್ದು ಯಾರು?"

ಮಾನಸ ಅತ್ತೆಯ ಕಡೆ ತಿರುಗಿದಳು. ಲಿಂಗಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸುವುದರಲ್ಲಿ ಮುಳುಗಿದ್ದಳು.

"ಅತ್ತೆ, ಹೇಳಿದ್ರಾ?"

"ಹೇಳ್ದೆ. ಏನೀಗ? ಒಂದು ಹಗಲು. ಕೊಟ್ಟಿಗೇಲಿ ಬೆಚ್ಚಗೆ ಕೂತಿರ್ತಿತ್ತು. ಪೈರು ಕೊಳ್ತು ಹೋದ್ರೆ ನಿಮ್ಮಪ್ಪ ತಂದ್ಕೊಡ್ತಾನಾ?"

"ಒಂದಿನ ಅಲ್ವಾ ಮಾನಸ" ಎಂದ ನಂದೀಶ ಟಿಲ್ಲರಿನ ಪಕ್ಕದಿಂದ. ಅವನು ಶುಂಠಿ ಸಾಗಿಸುವ ಪಿಕಪ್ಪಿನ ಡ್ರೈವರ್. ನಾಟಿಗೆಂದು ರಜೆ ಹೇಳಿ ಬಂದಿದ್ದ. ಜಗಳ ಕಂಡರೆ ಅವನಿಗಾಗದು.

ಕಟ್ಟುವ ಮಾತು ಆ ಮನೆಗೆ ಹೊಸದಲ್ಲ, ಮತ್ತು ಮೊದಲು ಕಟ್ಟಿದವಳು ಮಾನಸಳೇ. ಹೋದ ವರ್ಷದ ಬೇಸಿಗೆಯ ಕೊನೆಯಲ್ಲಿ ನಾಲೆಗೆ ನೀರು ಬಿಟ್ಟ ವಾರ ಕಾವ್ಯ ಎರಡು ಸಲ ನಾಲೆಗಿಳಿದಳು. ಎರಡನೆಯ ಸಲ ನಂದೀಶ ಎದೆಮಟ್ಟ ನೀರಿನಿಂದ ಎತ್ತಿ ತಂದ. ಮಾರನೆಯ ದಿನ ಮಾನಸ ಕರುವಿನ ಹಗ್ಗ ಬಿಚ್ಚಿ, ಮಗಳ ಮಣಿಕಟ್ಟಿಗೆ ಟವೆಲ್ ಸುತ್ತಿ, ಅದರ ಮೇಲೆ ಗಂಟು ಹಾಕಿ, ಕೊಟ್ಟಿಗೆಯ ಕಂಬಕ್ಕೆ ಕಟ್ಟಿ ಅಡುಗೆಗೆ ಹೋದಳು. ಹುಡುಗಿ ಕಿರುಚಲಿಲ್ಲ. ಸುಮ್ಮನೆ ಕೂತಳು. ಹಾಕಿದ್ದನ್ನು ಉಂಡಳು. ಮನೆಗೆ ಮನೆಯೇ ಉಸಿರು ಬಿಟ್ಟಿತು. ಹನ್ನೊಂದು ದಿನ ಹೀಗೆ ನಡೆಯಿತು. ಮನೆಗೆ ಯಾರಾದರೂ ಬಂದಾಗಲೂ ಕಟ್ಟುತ್ತಿದ್ದರು. ಹನ್ನೆರಡನೆಯ ದಿನ ಮಂಜುನಾಥ ಮೇಷ್ಟ್ರ ಬೈಕು ಅಂಗಳಕ್ಕೆ ಬಂದ ಸದ್ದಾಯಿತು. ಒಳಗಿದ್ದ ಕಾವ್ಯ ಎದ್ದು ಕೊಟ್ಟಿಗೆಗೆ ಹೋದಳು, ಹಗ್ಗ ತಂದು ಅಮ್ಮನ ಕೈಯಲ್ಲಿಟ್ಟಳು, ಮಣಿಕಟ್ಟು ಮುಂದೆ ಚಾಚಿ ನಿಂತಳು.

ಏನು ಹೇಳಿಕೊಟ್ಟರೂ ಕಲಿಯುವುದಿಲ್ಲ ಎಂದು ಊರೆಲ್ಲ ಹೇಳುತ್ತಿದ್ದ ಹುಡುಗಿ ಇದನ್ನು ಹನ್ನೊಂದೇ ದಿನದಲ್ಲಿ ಕಲಿತಿದ್ದಳು. ಅಂದಿನಿಂದ ಮಾನಸ ಅವಳನ್ನು ಕಟ್ಟಲಿಲ್ಲ. ನಾಲೆಯ ಕಡೆಗೆ ಬೇಲಿ ಹಾಕಿಸಿದಳು, ಬೇಲಿ ಮುರಿದಾಗಲೆಲ್ಲ ಹಿಂದೆ ಓಡಿದಳು. ಓಡಿ ಓಡಿ ಅವಳ ಚಪ್ಪಲಿಗಳು ಮೂರು ತಿಂಗಳಿಗೆ ಸವೆಯುತ್ತಿದ್ದವು.

"ನಾನು ಕಟ್ಟಲ್ಲ" ಎಂದಳು ಈಗ.

"ಹಂಗಾದ್ರೆ ನಾವು ಇಳಿಯಲ್ಲ" ಎಂದಳು ವೀಣಾ. "ನಿನ್ ಮಗಳು ಕೀಳ್ತಾ ಹೋಗಾದು, ನಾವು ನೆಡ್ತಾ ಹೋಗಾದು. ಸೊಂಟ ಬಾಡಿಗೆಗೆ ತಂದಿದೀವಾ? ಕೈ ನೋಡಿಲ್ಲಿ. ಇನ್ನೂ ಎರಡು ಸೂಜಿ ಅದೆ."

"ಕಚ್ಚಿದ್ದು ತಪ್ಪು ವೀಣಕ್ಕ. ನಿಮ್ಮನೆಗೆ ಬಂದು ಹೇಳಿದೀನಿ, ಇನ್ನೊಂದ್ಸಲ ಬೇಕಾದ್ರೂ ಹೇಳ್ತೀನಿ. ಕಿತ್ತ ಎರಡು ಪಟ್ಟೀನೂ ಅವತ್ತೇ ನಾನೊಬ್ಳೇ ನೆಟ್ಟು ಬಂದೆ. ಕಟ್ಟು ಅನ್ಬೇಡ ಅಷ್ಟೆ."

"ಕಟ್ಟದೆ ಏನ್ಮಾಡ್ತೀಯವ್ವ?" ಎಂದ ಕೆಂಪಣ್ಣ, ಬುದ್ಧಿ ಹೇಳುವ ದನಿಯಲ್ಲಿ. "ದನಾನೂ ಕಟ್ತೀವಿ. ಪ್ರೀತಿ ಇಲ್ದೆ ಕಟ್ತೀವಾ?"

ಅಷ್ಟರಲ್ಲಿ ಬದುವಿನ ಮೇಲೆ ಕಾವ್ಯ ಇರಲಿಲ್ಲ. ಮಾತಿನ ಭರದಲ್ಲಿ ಯಾರೂ ಗಮನಿಸಿರಲಿಲ್ಲ. ಮಾನಸ ತಟ್ಟನೆ ನಾಲೆಯ ಕಡೆ ನೋಡಿದಳು. ಆದರೆ ಹುಡುಗಿ ಮನೆಯ ಕಡೆಯಿಂದ ಬರುತ್ತಿದ್ದಳು. ಇಷ್ಟು ಜನ ಒಟ್ಟಿಗೆ ಬಂದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಕೈಯಲ್ಲಿ ಕರುವಿನ ಹಗ್ಗವಿತ್ತು. ನೇರ ಬಂದವಳು ಹೆಚ್ಚು ಜೋರಾಗಿ ಮಾತಾಡುತ್ತಿದ್ದವರು ಯಾರೋ ಅವರ ಮುಂದೆ, ಅಂದರೆ ವೀಣಾಳ ಮುಂದೆ ನಿಂತಳು. ಹಗ್ಗವನ್ನು ಅವಳ ಪಟ್ಟಿ ಸುತ್ತಿದ ಕೈಯಲ್ಲಿಟ್ಟು ಮಣಿಕಟ್ಟು ಚಾಚಿದಳು.

ಟಿಲ್ಲರ್ ಖಾಲಿ ಓಡುತ್ತಿತ್ತು. ನಂದೀಶ ಅದನ್ನು ಆರಿಸಿದ.

"ನಂಗ್ಯಾಕೆ ಕೊಡ್ತೀಯೇ?" ಎಂದಳು ವೀಣಾ. ದನಿ ಏರಿತು. "ನಂಗ್ಯಾಕೆ? ನಾನೇನ್ ನಿಮ್ಮಮ್ಮನಾ?"

"ಕಟ್ಟು" ಎಂದಳು ಮಾನಸ. "ಬಾಯಲ್ಲಿ ಹೇಳೋದು ಸುಲಭ. ಕೈಲಿ ಕೊಟ್ಟಿದಾಳೆ, ಕಟ್ಟು. ಗಂಟು ಸಡಿಲ ಇರ್ಬಾರ್ದು, ಬಿಚ್ಕಂತಾಳೆ. ಬಿಗಿ ಆಗ್ಬಾರ್ದು, ಬೆರಳು ನೀಲಿ ಆಗ್ತವೆ. ನಂಗೊತ್ತು, ನಾನು ಕಟ್ಟಿದೀನಿ. ಕಟ್ಟು ವೀಣಕ್ಕ, ಎಲ್ಲಾ ನೋಡ್ಲಿ."

ವೀಣಾ ಹಗ್ಗವನ್ನು ಕೆಸರಿಗೆ ಬಿಟ್ಟಳು. ಮಾನಸ ಅದನ್ನೆತ್ತಿ ಬದು ಹತ್ತಿ ಸೀದಾ ನಾಲೆಗೆಸೆದಳು.

"ಕಟ್ಟಿದ ಮಗು ಮುಂದಿಟ್ಕೊಂಡು ನೆಡೋದಾದ್ರೆ ನನ್ ಗದ್ದೆಗೆ ನಾಟಿ ಬೇಡ. ಹೋಗಿ ಎಲ್ಲಾ."

ಅವರು ಹೋದರು. ಹೋಗುವಾಗ ವೀಣಾ ಹಿಂದೆ ತಿರುಗಿ, "ಈ ಸೊಕ್ಕು ಅಕ್ಕಿ ಕೊಡುತ್ತಾ ನೋಡಾಣ" ಎಂದಳು. ನಾಚಿಕೆಯಾದವರು ಸಿಟ್ಟಿನಲ್ಲೇ ಮಾತಾಡುತ್ತಾರೆಂದು ಮಾನಸಳಿಗೆ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಪೈರು ನಾಟಿಯಾಗುವುದಿಲ್ಲ.

ಮೂವರೇ ಇಳಿದರು. ಒಂಬತ್ತು ಗಂಟೆಗೆ ಲಿಂಗಮ್ಮ, "ಕರೂಗೆ ಹಗ್ಗ ಎಲ್ಲಿಂದ ತರ್ತೀಯ?" ಎಂದು ಕೇಳಿದಳು. ಹನ್ನೊಂದಕ್ಕೆ ಆ ಕರುವೇ ಬಂದು ದಡದಲ್ಲಿದ್ದ ನಾಲ್ಕು ಕಟ್ಟು ಪೈರು ತಿಂದಿತು. ಹನ್ನೆರಡಕ್ಕೆ ಮಾನಸ ನೆಟ್ಟಗಾಗಿ ಸೊಂಟಕ್ಕೆ ಕೈ ಕೊಟ್ಟು ನೋಡುತ್ತಾಳೆ, ಮೊದಲ ಪಟ್ಟಿಯ ಆ ತುದಿ ಬೋಳಾಗಿದೆ. ಕಾವ್ಯ ಬಗ್ಗಿ ಕೀಳುತ್ತಿದ್ದಾಳೆ. ಬೇರು ಒಂದು ಕಡೆ, ತುದಿ ಒಂದು ಕಡೆ.

ಮಾನಸ ಓಡಿಹೋಗಿ ಬೆನ್ನಿಗೆ ಹೊಡೆದಳು. ಕೆಸರುಗೈಯಲ್ಲಿ, ಜೋರಾಗಿ. ಐದು ಬೆರಳೂ ಅಂಗಿಯ ಮೇಲೆ ಮೂಡಿದವು. ಕಾವ್ಯ ಕಿರುಚಿ ತನ್ನ ಕೈಯನ್ನೇ ಕಚ್ಚಿಕೊಂಡಳು. ನೋಡುತ್ತಿದ್ದ ಲಿಂಗಮ್ಮ, "ಕಟ್ಟಲ್ಲ, ಹೊಡೀತೀಯ. ಭಾರೀ ನ್ಯಾಯ" ಎಂದಳು. ಮುದುಕಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಮಾನಸಳಿಗೆ ಅವಳನ್ನು ಗದ್ದೆಗೆ ತಳ್ಳಬೇಕೆನ್ನಿಸಿತು.

ಬದುವಿನ ಮೇಲೆ ಕೂತಳು. ಆಗ ಅವಳಿಗೆ ಮಗಳ ಮೇಲೆ ಪ್ರೀತಿ ಇರಲಿಲ್ಲ, ಯಾರ ಮೇಲೂ ಇರಲಿಲ್ಲ. ಸೊಂಟ ನೋಯುತ್ತಿತ್ತು ಅಷ್ಟೆ. ಬೇಡ ಅನ್ನುವುದರ ಬದಲು ಏನು ಮಾಡಬಹುದು ಅಂತ ತೋರಿಸಿ. ಕೀಳಬೇಡ ಎನ್ನುವುದರ ಬದಲು ಏನು ತೋರಿಸುವುದು ಈ ಡಾಕ್ಟರ ತಲೆ? ಕೀಳುವುದನ್ನೇ ಬಯಸುವವಳಿಗೆ ಕೀಳುವುದನ್ನು ಬಿಟ್ಟು ಇನ್ನೇನು ಕೊಡುವುದು?

ಆಮೇಲೆ ಎದ್ದು ಕೊಟ್ಟಿಗೆಯಿಂದ ನಾಲ್ಕು ಗೂಟ, ಒಂದು ಸುರುಳಿ ನೀಲಿ ಪ್ಲಾಸ್ಟಿಕ್ ದಾರ ತಂದಳು. ಹೊಂಗೆ ಮರದ ಕಡೆಯ ಮೂಲೆಯಲ್ಲಿ ನಾಲ್ಕು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲಕ್ಕೆ ಗೂಟ ಹೊಡೆದು ದಾರ ಕಟ್ಟಿದಳು. ಅದರೊಳಗೆ ಒತ್ತಾಗಿ ಪೈರು ನೆಟ್ಟಳು. ಮಗಳ ಕೈ ಹಿಡಿದು ಕರೆತಂದು ದಾರದೊಳಗೆ ನಿಲ್ಲಿಸಿದಳು.

"ಇದು ನಿಂದು. ಕೀಳು."

ಕಾವ್ಯ ಅಮ್ಮನ ಮುಖ ನೋಡಲಿಲ್ಲ. ಅವಳು ಮುಖ ನೋಡುವುದು ಕಡಿಮೆ. ಬಗ್ಗಿ ಒಂದನ್ನು ಕಿತ್ತಳು.

"ಕೀಳಕ್ಕಂತ ನೆಟ್ಟೆಯಾ?" ಲಿಂಗಮ್ಮ ನಿಂತಲ್ಲೇ ನಿಂತಳು. "ನಿಂಗೂ ಅಂಟ್ತಾ ಅವಳ ಕಾಯ್ಲೆ?"

"ಅಂಟ್ಲಿ. ನೀವು ನೆಡಿ ಅತ್ತೆ."

ಪವಾಡ ಏನೂ ಆಗಲಿಲ್ಲ. ಅವತ್ತು ಕಾವ್ಯ ಆರು ಸಲ ದಾರ ದಾಟಿ ಬಂದು ಆಚೆಯ ಪೈರು ಕಿತ್ತಳು. ಆರು ಸಲವೂ ಮಾನಸ ಕೈ ತೊಳೆದುಕೊಳ್ಳದೆ ಎದ್ದುಹೋಗಿ, ಬಾಯಿ ಬಿಡದೆ, ಕೈ ಹಿಡಿದು ದಾರದೊಳಗೆ ತಂದು ನಿಲ್ಲಿಸಿದಳು. ಎರಡನೆಯ ದಿನ ನಾಲ್ಕು ಸಲ. ಒಮ್ಮೆ ಭುಜಕ್ಕೆ ಕಚ್ಚಿಸಿಕೊಂಡಳು. ಮೂರನೆಯ ದಿನ ಎರಡೇ ಸಲ. ಕಿತ್ತು ಮುಗಿಯಿತೆಂದರೆ ಹುಡುಗಿ ಕಿರುಚುವಳು. ಆಗ ಯಾರಾದರೂ ಹೋಗಿ, ಕಿತ್ತು ಜೋಡಿಸಿದ್ದ ಅದೇ ಪೈರನ್ನು ಮತ್ತೆ ನೆಡಬೇಕು. ಎರಡನೆಯ ದಿನದ ಮಧ್ಯಾಹ್ನದಿಂದ ಈ ಕೆಲಸ ಲಿಂಗಮ್ಮನ ಪಾಲಿಗೆ ಬಂತು. "ನಮ್ಮಪ್ಪ ನನ್ನ ಇದಕ್ಕೇ ಕೊಟ್ಟಿದ್ದು ಈ ಮನೆಗೆ" ಎಂದು ಗೊಣಗುತ್ತ ನೆಡುತ್ತಿದ್ದಳು. ದಾರಿಹೋಕರು ನಿಂತು, "ಏನಜ್ಜಿ ಇದು?" ಎಂದರೆ, "ನನ್ ಮೊಮ್ಮಗಳ ಗದ್ದೆ. ನಿಂಗೇನಾಗ್ಬೇಕು?" ಎನ್ನುತ್ತಿದ್ದಳು.

ಮೂರು ದಿನಕ್ಕೆ ಒಂದು ಎಕರೆ ಆಯಿತು. ಉಳಿದ ಅರ್ಧ ಎಕರೆಯ ಪೈರು ಹಳದಿ ತಿರುಗಿ ವಾಸನೆ ಹೊಡೆಯಿತು. ಹಸು ತಿಂದಿತು, ಕರು ತಿಂದಿತು. ಅರ್ಧ ಎಕರೆ ಕೆಸರು ಹಾಗೇ ಬಿತ್ತು. ಊರಿನವರು ಅದನ್ನು ನೋಡಿಕೊಂಡೇ ಓಡಾಡಿದರು. ನಂದೀಶ ಮೂರನೆಯ ರಾತ್ರಿ ಅಂಗಾತ ಬಿದ್ದುಕೊಂಡು, "ಕಟ್ಟಿದ್ರೆ ಒಂದಿನದಲ್ಲಿ ಮುಗೀತಿತ್ತು" ಎಂದ. ಮಾನಸ, "ಹೂಂ" ಎಂದಳು. "ಮುಗೀತಿತ್ತು."

ನಾಲ್ಕನೆಯ ದಿನ ಸಂಜೆ ಕೆಂಪಣ್ಣ ಬಂದು ಜಗಲಿಯಲ್ಲಿ ಕೂತ. ನೀರು ಕೇಳಿದ, ಕುಡಿದ, ಮಳೆಯ ಮಾತಾಡಿದ, ಹೋದ ವರ್ಷದ ಶುಂಠಿ ಕೊಳೆಯ ಮಾತಾಡಿದ. ಅವನಿಗೆ ಏನು ಬೇಕೆಂದು ಮಾನಸಳಿಗೆ ಗೊತ್ತಿತ್ತು. ಅವನ ಸಸಿಮಡಿಯ ಪೈರಿಗೆ ನಲವತ್ತು ದಿನ ದಾಟಿ ನಾಟಿಯ ಹದ ಮೀರುತ್ತಿತ್ತು. ಮುಯ್ಯಾಳಿನ ಇಬ್ಬರು ಹೆಂಗಸರು ಜ್ವರದಲ್ಲಿ ಮಲಗಿ ಅವನ ಸರದಿ ಮುಂದಕ್ಕೆ ಹೋಗಿತ್ತು. ಮತ್ತು ಈ ಊರಿನಲ್ಲಿ ಅವಳಷ್ಟು ಬೇಗ ಪೈರಿಡುವ ಕೈ ಇನ್ನೊಂದಿರಲಿಲ್ಲ. ಅದನ್ನು ವೀಣಾಳೂ ಒಪ್ಪುತ್ತಿದ್ದಳು.

"ನಾಳೆ ನಮ್ಮ ಗದ್ದೆ ಕಣವ್ವ" ಎಂದ ಕೊನೆಗೆ.

"ನನ್ ಗದ್ದೆಗೆ ಯಾರು ಬಂದ್ರು ಮಾವ?"

"ಬಂದಿದ್ವಲ್ಲ. ನೀನೇ ಓಡಿಸ್ದೆ."

"ಸರಿ. ಬರ್ತೀನಿ. ಇವಳೂ ಬರ್ತಾಳೆ."

ಕೆಂಪಣ್ಣ ಒಳಗೆ ನೋಡಿದ. ಕಾವ್ಯ ಅಡುಗೆಮನೆಯ ಚಮಚಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಇಡುತ್ತಿದ್ದಳು. "ಅವ್ಳು ಅಜ್ಜಿ ಹತ್ರ ಇರ್ಲಿ ಬಿಡವ್ವ."

"ಅತ್ತೆಗೆ ಸೊಂಟ ಬಿದ್ದಿದೆ. ಹಿಡಿಯೋಕಾಗಲ್ಲ. ನಾನ್ ಬಂದ್ರೆ ಇವಳೂ ಬರ್ತಾಳೆ, ಕಟ್ಟಲ್ಲ. ನಿಮ್ಮ ಗದ್ದೇಲಿ ಒಂದು ಮೂಲೆ ಬೇಕು ಇವಳಿಗೆ. ನಾಲ್ಕು ಹೆಜ್ಜೆ."

"ಯಾಕೆ?"

"ಕೀಳಕ್ಕೆ."

"ಕೀಳಕ್ಕಾ?" ಕೆಂಪಣ್ಣ ಲೋಟ ಕೆಳಗಿಟ್ಟ. "ಐವತ್ತು ವರ್ಷದಿಂದ ಗದ್ದೆ ಮಾಡ್ತಿದೀನಿ. ಕೀಳಕ್ಕೆ ಜಾಗ ಕೇಳಿದೋಳು ನೀನೊಬ್ಳೇ." ನಗುವುದೋ ಬೈಯುವುದೋ ತಿಳಿಯದೆ ಟವೆಲ್ ಕೊಡವಿ ಎದ್ದ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಬೆಳಿಗ್ಗೆ ಮಾನಸ ಹೊರಟಳು. ಒಂದು ಕೈಯಲ್ಲಿ ಮಗಳ ಕೈ, ಇನ್ನೊಂದರಲ್ಲಿ ಗೂಟ, ದಾರ. ಕೆಂಪಣ್ಣನ ಗದ್ದೆಯ ಬದುವಿನಲ್ಲಿ ಹೆಂಗಸರು ಸೇರಿದ್ದರು. ಯಾರೂ ಬಾ ಅನ್ನಲಿಲ್ಲ. ಅವಳು ಕಾಯಲೂ ಇಲ್ಲ. ಎಲ್ಲರಿಗೂ ಕಾಣುವ ಹಾಗೆ ದಾರಿಯ ಪಕ್ಕದ ಮೂಲೆಗೆ ಇಳಿದು, ಹೆಜ್ಜೆ ಅಳೆದು, ಗೂಟ ಹೊಡೆಯತೊಡಗಿದಳು.

"ನನ್ ಕಡೆ ಬಿಟ್ಟೀಯ, ಜೋಕೆ" ಎಂದಳು ವೀಣಾ. ಕೈಯ ಪಟ್ಟಿ ಬಿಚ್ಚಿದ್ದಳು. ಗುರುತುಗಳು ಕಪ್ಪಾಗಿದ್ದವು.

"ಬಂದೇ ಬರ್ತಾಳೆ" ಎಂದಳು ಮಾನಸ, ದಾರ ಬಿಗಿಯುತ್ತ. "ಬಂದ್ರೆ ಕಿರುಚ್ಬೇಡ, ಹೊಡೀಬೇಡ. ಕೈ ಹಿಡ್ಕೊಂಡು ಬಂದು ಈ ದಾರದ ಒಳಗೆ ಬಿಡು."

"ನಾನ್ಯಾಕೆ ಬಿಡ್ಲಿ?"

"ನಾನು ಆ ತುದೀಲಿರ್ತೀನಿ. ನೀನು ಈ ತುದೀಲಿರ್ತೀಯ. ಅದಕ್ಕೆ."

ಹಿಂದೆ ಯಾರೋ ಕಿಸಕ್ಕೆಂದರು. ಯಾರ ಮೇಲೆ ನಕ್ಕರೋ ಗೊತ್ತಾಗಲಿಲ್ಲ. ವೀಣಾ ನಿಂತ ಜಾಗ ಬಿಟ್ಟು ಕದಲಲಿಲ್ಲ.

ಕಾವ್ಯ ದಾರದೊಳಗೆ ಹೋಗಿ ನಿಂತಳು. ಬರೀ ಕೆಸರು. ಕೀಳುವುದಕ್ಕೆ ಒಂದು ಕಡ್ಡಿಯೂ ಇಲ್ಲ. ಬಾಯಿ ತೆರೆದು ಕಿರುಚಿದಳು. ಕೊಕ್ಕರೆಗಳೆಲ್ಲ ಎದ್ದವು. ಹೆಂಗಸರು ಕಿವಿ ಮುಚ್ಚಿಕೊಂಡರು. ಮಾನಸ ಒಂದು ಕಟ್ಟು ಬಿಚ್ಚಿ ನೆಡಲು ಬಗ್ಗಿದಳು.

"ಏ, ಏ, ನಿಲ್ಲವ್ವ!" ಕೆಂಪಣ್ಣ ಊದುಗಡ್ಡಿ ಹಿಡಿದುಕೊಂಡೇ ಬದುವಿನ ಮೇಲೆ ಓಡಿಬಂದ. "ಪೂಜೆ ಆಗಿಲ್ಲ. ಗದ್ದೆಗೆ ಮೊದಲ್ನೇ ಪೈರು ಯಜಮಾನ ಇಡಬೇಕು. ನಮ್ಮಪ್ಪನ ಕಾಲದಿಂದ ಹಂಗೇ."

ಮಾನಸ ನೆಟ್ಟಗಾದಳು. ಕೈಯಲ್ಲಿದ್ದ ಹಿಡಿ ಪೈರನ್ನು ಅವನ ಕಡೆಗೆ ಚಾಚಿದಳು.

"ಹಂಗಾದ್ರೆ ನೀವೇ ಇಡಿ ಮಾವ. ಬೇಗ. ಇವಳು ಕಾಯಲ್ಲ."

"ಈ ಮೂಲೇಲಾ?"

"ಈ ಮೂಲೇಲೇ. ಇಲ್ಲಾಂದ್ರೆ ನಾವಿಬ್ರೂ ಮನೆಗೆ ಹೋಗ್ತೀವಿ."

ಕೆಂಪಣ್ಣ ಎರಡೂವರೆ ಎಕರೆ ಕೆಸರು ನೋಡಿದ. ತಲೆ ಬಾಗುತ್ತಿದ್ದ ನಲವತ್ತು ದಿನದ ಪೈರು ನೋಡಿದ. ಇರುವ ಆರು ಜನ ಹೆಂಗಸರನ್ನು ನೋಡಿದ. ಕಾವ್ಯ ಮತ್ತೊಮ್ಮೆ ಕಿರುಚಿದಳು. ಅವನು ಊದುಗಡ್ಡಿಯನ್ನು ಬದುವಿಗೆ ಚುಚ್ಚಿ, ಪಂಚೆ ಎತ್ತಿ ಕಟ್ಟಿ, ದಾರ ದಾಟಿ ಇಳಿದ. ಕಣ್ಣು ಮುಚ್ಚಿ ಏನೋ ಗೊಣಗಿ ಒಂದು ಬುಡ ಪೈರನ್ನು ಕೆಸರಿಗೆ ಒತ್ತಿದ.

ಅವನು ಕಣ್ಣು ಬಿಡುವಷ್ಟರಲ್ಲಿ ಕಾವ್ಯ ಅದನ್ನು ಕಿತ್ತು ಬದುವಿನ ಮೇಲಿಟ್ಟಿದ್ದಳು. ಬೇರು ಒಂದು ಕಡೆ, ತುದಿ ಒಂದು ಕಡೆ.

"ಅಯ್ಯೋ!" ಎಂದ ಕೆಂಪಣ್ಣ.

ಮಾನಸ ಉಳಿದ ಹಿಡಿಯನ್ನು ಅವನ ಕೈಗೆ ಕೊಟ್ಟು, ತನ್ನ ಪಟ್ಟಿಯ ಕಡೆ ನಡೆದಳು.